ಕಂಬ ಯಾರ ಕಡೆಗೆ

ಲಕ್ಷ್ಮಿದೇವಮ್ಮನಿಗೆ ಸಿಟ್ಟು ಬಂತು ಎಂದು ಊರಿನಲ್ಲಿ ಯಾರೂ ಹೇಳುವುದಿಲ್ಲ. ಬರಬೇಕಾದರೆ ಅದು ಮೊದಲು ಹೋಗಿರಬೇಕಲ್ಲ. ಬೆಳಿಗ್ಗೆ ಮೇಕೆ ಕೊಟ್ಟಿಗೆಯ ತಡಿಕೆ ತೆಗೆಯುವಾಗಲೇ ಅವಳ ಬಾಯಿ ಶುರುವಾಗುತ್ತದೆ. ಮೊದಲು ಹೋತಕ್ಕೆ, ಆಮೇಲೆ ಗಂಡ ಗುಂಡಯ್ಯನಿಗೆ, ಅಲ್ಲಿಂದ ನಲ್ಲಿಯಲ್ಲಿ ನೀರು ಬಿಡದ ಪಂಚಾಯ್ತಿಗೆ. ದುದ್ದದ ಬಸ್‌ಸ್ಟಾಂಡಿನಲ್ಲಿ ಇಳಿದವರು ಅವಳ ದನಿ ಹಿಡಿದುಕೊಂಡೇ ಊರು ಸೇರಬಹುದು, ದಾರಿ ಕೇಳುವ ಅಗತ್ಯವಿಲ್ಲ ಎಂದು ಆಡಿಕೊಳ್ಳುತ್ತಾರೆ. ದುದ್ದಕ್ಕೂ ಊರಿಗೂ ಮೂರು ಮೈಲಿ.

ನ್ಯಾಯವಾಗಿ ಹೇಳಬೇಕೆಂದರೆ ಈ ಸಿಟ್ಟು ಅವಳು ತವರಿನಿಂದ ತಂದದ್ದಲ್ಲ. ಅರಕಲಗೂಡು ಕಡೆಯಿಂದ ಮದುವೆಯಾಗಿ ಬಂದಾಗ ಅವಳು ನಾಲ್ಕು ಜನರೆದುರು ಬಾಯಿಬಿಡದ ಹುಡುಗಿಯಾಗಿದ್ದಳಂತೆ. ಇದನ್ನು ಗುಂಡಯ್ಯ ಹೇಳುತ್ತಾನೆ, ಯಾರೂ ನಂಬುವುದಿಲ್ಲ. ಅವಳಿಗೆ ಸಿಟ್ಟು ಕಲಿಸಿದ್ದು ಮೇಕೆ. ಮೇಕೆ ಅಂದರೆ ಪಾಪ ಮೇಕೆಯಲ್ಲ, ಮೇಕೆಯ ಹಿಂದೆ ಹೋಗುವವಳಿಗೆ ಊರು ಆಡುವ ಮಾತು. ಊರಿಗೊಂದು ಗೋಮಾಳವಿತ್ತು. ಅದರಲ್ಲಿ ಒಂದಷ್ಟು ಮನೆ ಸೈಟುಗಳಾದವು, ಉಳಿದದ್ದು ಕೈ ಉದ್ದ ಇದ್ದವರ ತೆಂಗಿನ ತೋಟದೊಳಗೆ ಸೇರಿಕೊಂಡಿತು. ಆಮೇಲೆ ಅವಳ ಮೇಕೆಗಳಿಗೆ ಉಳಿದದ್ದು ರಸ್ತೆಯ ಅಂಚು, ಕೆರೆ ಏರಿ, ಹೊಲಗಳ ನಡುವಿನ ಓಣಿ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುವುದು ಆಡಿಗೆ ಹೊಗಳಿಕೆ, ಅದರ ಹಿಂದೆ ಓಡುವವಳಿಗೆ ಶಾಪ. ಒಂದು ಮೇಕೆ ಯಾರದಾದರೂ ಅಲಸಂದೆ ಬಳ್ಳಿಗೆ ಮೂತಿ ತಾಗಿಸಿದರೆ ಸಾಕು, ಹೊಲದ ಆ ತುದಿಯಿಂದ ಬೈಗುಳ ಹೊರಡುತ್ತಿತ್ತು. ಮೇಕೆಯ ಹೆಸರಿನಲ್ಲಿ ಶುರುವಾದದ್ದು ಅವಳ ಕೇರಿಯ ಹೆಸರಿಗೆ ಬಂದು ನಿಲ್ಲುತ್ತಿತ್ತು. ಮೊದಮೊದಲು ಅವಳು ತಲೆ ತಗ್ಗಿಸಿ ಮೇಕೆ ಹೊಡೆದುಕೊಂಡು ಹೋದಳು. ಆಮೇಲೆ ಒಂದು ದಿನ ತಿರುಗಿ ನಿಂತು ಬೈದಳು, ಆವತ್ತಿನಿಂದ ನಿಲ್ಲಿಸಿಲ್ಲ.

ಬೇಲಿ ಹಾಕಬೇಕು ಎಂದು ಅವಳಿಗೆ ಅನ್ನಿಸಿದ್ದೂ ಈ ಸಿಟ್ಟಿನಿಂದಲೇ. ಮಾವನ ಕಾಲದಲ್ಲಿ ಸರ್ಕಾರ ಕೊಟ್ಟ ಎರಡೆಕರೆ ಊರಾಚೆ ಇಳಿಜಾರಿನಲ್ಲಿತ್ತು. ಮಣ್ಣಿಗಿಂತ ಕಲ್ಲು ಹೆಚ್ಚು. ರಾಗಿ ಬಿತ್ತಿದರೆ ಬಿತ್ತಿದ್ದು ಬರುವುದೇ ಕಷ್ಟ. ಈ ಹೊಲವನ್ನು ಮೇಕೆಗೇ ಬಿಟ್ಟುಬಿಡೋಣ, ಸುತ್ತ ಗಟ್ಟಿ ಬೇಲಿ ಹಾಕಿ ಒಳಗೆ ಹುಲ್ಲು, ಅಗಸೆ, ನುಗ್ಗೆ ಬೆಳೆಸೋಣ, ನಮ್ಮ ಮೇಕೆ ನಮ್ಮ ನೆಲದಲ್ಲಿ ಮೇಯಲಿ, ಇನ್ನು ಒಬ್ಬನೂ ನನ್ನ ಕೇರಿಯ ಹೆಸರೆತ್ತಬಾರದು ಎಂದಳು. ಗುಂಡಯ್ಯ ಹೂಂ ಅಂದ. ಅವನು ಯಾವುದಕ್ಕೂ ಹೂಂ ಅನ್ನುವವನೇ, ಆದರೆ ಈ ಸಲ ಬೀಡಿ ಆರಿಸಿ ಅಂದ. ಹಾಸನದ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದ ಮಗಳು ಧನುಶ್ರೀ ಖರ್ಚಿಗೆ ತಾನೂ ಕೈ ಜೋಡಿಸುತ್ತೇನೆ ಎಂದಳು.

ಊರು ನಕ್ಕಿತು. ಬೇಲಿ ಅಂದರೆ ಬೆಳೆ ಒಳಗೆ, ದನ ಹೊರಗೆ. ಅಪ್ಪ, ತಾತ, ಮುತ್ತಾತ ಎಲ್ಲರೂ ಹಾಕಿದ್ದು ಅದೇ ಬೇಲಿ. ಮೇಯುವುದನ್ನು ಒಳಗೆ ಬಿಟ್ಟು ಸುತ್ತ ಬೇಲಿ ಕಟ್ಟುವುದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಮೇಕೆಗೆ ಜೈಲು ಕಟ್ಟುತ್ತಾಳಂತೆ ಎಂದು ಹಾಲಿನ ಡೈರಿಯ ಮುಂದೆ ಮಾತಾಯಿತು. ಬಿಟ್ಟರೆ ತಪ್ಪು, ಕೂಡಿದರೆ ತಮಾಷೆ. ಇವರ ಬಾಯಿಗೆ ಬೇಲಿ ಹಾಕುವವರು ಯಾರು ಎಂದು ಅವಳು ಡೈರಿಯ ಮುಂದೆಯೇ ನಿಂತು ಕೇಳಿ ಬಂದಳು.

ಯಾವ ಬೇಲಿ ಅನ್ನುವುದು ಅಷ್ಟು ಸುಲಭಕ್ಕೆ ಬಗೆಹರಿಯಲಿಲ್ಲ. ಕಳ್ಳಿ, ಲಂಟಾನ, ಮುಳ್ಳುಗಿಡದ ಬೇಲಿ ಬೇಡ ಎಂದು ಅವಳೇ ಹೇಳಿದಳು. ಬೇಲಿಯನ್ನೇ ಊಟ ಮಾಡುವ ಪ್ರಾಣಿಗೆ ಗಿಡದ ಬೇಲಿ ಯಾಕೆ? ಚನ್ನರಾಯಪಟ್ಟಣದ ಹತ್ತಿರ ಗುಂಡಯ್ಯನ ಸಂಬಂಧಿಕರೊಬ್ಬರು ಮುಳ್ಳುತಂತಿ ಹಾಕಿದ್ದರು. ಹೋಗಿ ನೋಡಿದರೆ ಒಂದು ಮೇಕೆ ಕೆಚ್ಚಲು ಹರಿದುಕೊಂಡು ಅರಿಸಿನ ಮೆತ್ತಿಸಿಕೊಂಡು ನಿಂತಿತ್ತು, ಮರಿಗಳು ತಂತಿಯ ನಡುವೆ ಬಾಗಿಲಿದ್ದಂತೆ ಓಡಾಡುತ್ತಿದ್ದವು. ಹೊಳೆನರಸೀಪುರದ ಹತ್ತಿರ ಇನ್ನೊಬ್ಬರದು ಬಿಸಿಲಿನ ಕರೆಂಟಿನ ತಂತಿ. ಮುಟ್ಟಿದರೆ ಜುಂ ಅನ್ನುತ್ತದೆ, ನಿಜ. ಆದರೆ ಬ್ಯಾಟರಿ ಸತ್ತದ್ದು ಯಜಮಾನನಿಗೆ ತಿಳಿಯುವ ಮೊದಲು ಮೇಕೆಗಳಿಗೆ ತಿಳಿಯುತ್ತಿತ್ತಂತೆ. ಕೊನೆಗೆ ಕಲ್ಲುಕಂಬ ನೆಟ್ಟು ಅದಕ್ಕೆ ತಂತಿಬಲೆಯ ಮೆಶ್ ಕಟ್ಟುವುದೇ ಸರಿ ಎಂದಾಯಿತು. ಹಾಸನದ ಅಂಗಡಿಯವನು ತೋಟಕ್ಕಾ ಸೈಟಿಗಾ ಎಂದು ಕೇಳಿದ. ಮೇಕೆಗೆ ಎಂದಳು. ಅವನು ಮತ್ತೊಂದು ಸಲ ತೋಟಕ್ಕಾ ಸೈಟಿಗಾ ಎಂದೇ ಕೇಳಿದ. ಅಂಗಡಿಯಲ್ಲಿದ್ದ ಉಳಿದ ಗಿರಾಕಿಗಳು ಆ ಬೆಳಿಗ್ಗೆ ಏನೇನು ಕೇಳಿಸಿಕೊಂಡರು ಎಂದು ಧನುಶ್ರೀ ಇವತ್ತಿಗೂ ನಾಚಿಕೊಂಡು ಹೇಳುತ್ತಾಳೆ.

ಬೇಲಿ ಕಟ್ಟಲು ಬಂದವನು ಪರಮೇಶ್. ಸುತ್ತಲ ಹಳ್ಳಿಗಳ ತೆಂಗಿನ ತೋಟಗಳಿಗೆಲ್ಲ ಬೇಲಿ ಕಟ್ಟಿದ ಮೇಸ್ತ್ರಿ. ಕೆಲಸ ಚೊಕ್ಕ. ಗುಂಡಿ ಆಳಕ್ಕೆ ತೋಡಿ, ಕಲ್ಲುಕಂಬ ಇಳಿಸಿ, ಜಲ್ಲಿ ತುಂಬಿ ಗುದ್ದಿದ. ಮೂಲೆಯ ಕಂಬಗಳಿಗೆ ಓರೆಯಾಗಿ ಇನ್ನೊಂದು ಕಂಬ ಆನಿಸಿದ. ಮೂರು ಕಡೆ ತೊಂದರೆಯಿರಲಿಲ್ಲ. ಒಂದು ಕಡೆ ರಸ್ತೆ, ಒಂದು ಕಡೆ ಹಳ್ಳ, ಇನ್ನೊಂದು ಕಡೆ ಗುಂಡಯ್ಯನ ತಮ್ಮನ ಹೊಲ. ನಾಲ್ಕನೆಯ ಕಡೆ ಬಸವರಾಜುವಿನ ಜಮೀನು. ಬಸವರಾಜು ಊರಿನಲ್ಲಿ ತೂಕದ ಮನುಷ್ಯ. ತೆಂಗಿನ ತೋಟ, ಹಸುಗಳು, ದುದ್ದದಲ್ಲಿ ಗೊಬ್ಬರದ ಅಂಗಡಿ. ಇವರಿಬ್ಬರ ಜಮೀನಿನ ನಡುವೆ ಒಂದು ದಪ್ಪ ಬದು. ಗುಂಡಯ್ಯನ ಅಪ್ಪ ತನ್ನ ಹೊಲದ ಕಲ್ಲನ್ನೆಲ್ಲ ಆಯ್ದು, ಹೆಗಲ ಮೇಲೆ ಹೊತ್ತು, ಪೇರಿಸಿ ಮಾಡಿದ ಬದು. ಅದರ ಮೇಲೆ ಬೆಳೆಯುವ ಹುಲ್ಲು ಬೇಸಿಗೆಯ ಹೊಸ್ತಿಲವರೆಗೂ ಒಣಗುವುದಿಲ್ಲ. ಬದುವಿನಲ್ಲಿ ಕಲ್ಲೇ ತುಂಬಿದ್ದರಿಂದ ಗುಂಡಿ ತೋಡಲಾಗದೆ ಪರಮೇಶ್ ಅದರ ಒಳ ಅಂಚಿಗೆ, ಇವರ ಹೊಲದ ಕಡೆಗೆ, ಕಂಬ ನೆಟ್ಟ. ಬದು ಬೇಲಿಯಿಂದ ಆಚೆ ಉಳಿಯಿತು.

ಬಸವರಾಜು ಬಂದು ನೋಡಿದ. ಮೆಶ್ ಕಂಬದ ಹೊರಮೈಗೆ ಕಟ್ಟಿತ್ತು, ಕಂಬಗಳು ಗುಂಡಯ್ಯನ ಕಡೆಗೆ ನಿಂತಿದ್ದವು. ಹೂಂ ಎಂದು ಹೋದ. ಆ ಹೂಂ ಏನೆಂದು ತಿಳಿಯಬೇಕಾದರೆ ಆ ಊರಿನ ಒಂದು ಪದ್ಧತಿ ತಿಳಿದಿರಬೇಕು. ಎರಡು ಹೊಲದ ನಡುವಿನ ಬೇಲಿಯಲ್ಲಿ ಕಂಬ ಯಾರ ಕಡೆಗೆ ನಿಂತಿದೆಯೋ ಬದು ಅವರದ್ದು. ಎಂದೋ ಮಾಡಿಕೊಂಡ ಮಾತು, ಬಾಂದುಕಲ್ಲು ಕಿತ್ತುಹೋದ ಜಾಗದಲ್ಲೆಲ್ಲ ಅದೇ ಕೋರ್ಟು. ಹಿರಿಯರು ನ್ಯಾಯಕ್ಕೆ ಕೂತರೆ ಮೊದಲು ನೋಡುವುದು ಕಂಬದ ಮುಖ. ಓತಿಕ್ಯಾತನಿಗೆ ಬೇಲಿಗೂಟ ಸಾಕ್ಷಿ ಎಂದು ಬೇರೆಯವರನ್ನು ನಗುವ ಅದೇ ಹಿರಿಯರು.

ಮುಂಗಾರು ಹದವಾಗಿ ಬಿತ್ತು. ಒಳಗೆ ಹುಲ್ಲು ಎದ್ದಿತು. ಮೇಕೆಗಳನ್ನು ಒಳಗೆ ಬಿಟ್ಟು ಗೇಟು ಹಾಕಿದ ದಿನ ಲಕ್ಷ್ಮಿದೇವಮ್ಮ ಬೇಲಿಯ ಹೊರಗೆ ಒಂದು ಕಲ್ಲಿನ ಮೇಲೆ ಸುಮ್ಮನೆ ಕೂತಳು. ಬಾಯಿಯೂ ಸುಮ್ಮನಿತ್ತು. ಹುಷಾರಿಲ್ಲವೇನೋ ಎಂದು ಗುಂಡಯ್ಯ ಹಣೆ ಮುಟ್ಟಿ ನೋಡಿದ.

ಆ ಶಾಂತಿ ಶ್ರಾವಣ ಕಳೆಯುವವರೆಗೆ ಬಾಳಿತು. ಮೇಕೆ ಬೇಲಿಯನ್ನು ಬೇಲಿ ಎಂದು ನೋಡುವುದಿಲ್ಲ. ಮೈ ಉಜ್ಜಲು, ಮುಂಗಾಲು ಊರಿ ನಿಂತು ಆಚೆಯ ಸೊಪ್ಪಿಗೆ ಕತ್ತು ಚಾಚಲು ಯಾರೋ ಪುಣ್ಯಾತ್ಮರು ಮಾಡಿಟ್ಟ ಅನುಕೂಲ ಎಂದುಕೊಳ್ಳುತ್ತದೆ. ಹೋತ ದಿನವಿಡೀ ಕೊಂಬು ತಿಕ್ಕಿತು. ಕಂಬಕ್ಕೆ ಮೆಶ್ ಬಿಗಿದಿದ್ದ ತೆಳು ತಂತಿಗಳು ಒಂದೊಂದಾಗಿ ಪಟಪಟ ಕಿತ್ತವು. ಕಂಬ ಅಲ್ಲಾಡಲಿಲ್ಲ, ಮೆಶ್ ಕಂಬ ಬಿಟ್ಟು ಹೊರಕ್ಕೆ ಉಬ್ಬಿ ಬುಡದಲ್ಲಿ ಎದ್ದಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅಂತಾರಲ್ಲ, ಇವಳ ಬೇಲಿ ಎದ್ದು ಬೇರೆಯವರ ಹೊಲಕ್ಕೆ ದಾರಿ ಮಾಡಿಕೊಟ್ಟಿತು. ಮೇಕೆಗಳು ಗುಂಡಯ್ಯನ ತಮ್ಮನ ಅವರೆಗೂ ನುಗ್ಗಿದವು, ಬಸವರಾಜುವಿನ ಹೊಲಕ್ಕೂ ನುಗ್ಗಿದವು. ಬೈಗುಳ ಮತ್ತೆ ಶುರುವಾಯಿತು, ಈ ಸಲ ಜೊತೆಗೆ ನಗುವೂ ಇತ್ತು.

ತಪ್ಪು ಎಲ್ಲಿ ಎಂದು ಕಂಡುಹಿಡಿದವಳು ಧನುಶ್ರೀ. ಭಾನುವಾರ ಊರಿಗೆ ಬಂದಾಗ ಬೇಲಿಯ ಸುತ್ತ ಒಂದು ಸುತ್ತು ಬಂದು, ಮೊಬೈಲಿನಲ್ಲಿ ಯಾವುದೋ ಮೇಕೆ ಫಾರಂ ನೋಡಿ, ಅಮ್ಮ, ಮೆಶ್ ಕಂಬದ ಒಳಮೈಗೆ ಕಟ್ಟಬೇಕಿತ್ತು ಎಂದಳು. ಮೇಕೆ ಒಳಗಿಂದ ತಳ್ಳುತ್ತದೆ. ಮೆಶ್ ಒಳಗಡೆ ಇದ್ದರೆ ತಳ್ಳಿದಷ್ಟೂ ಕಂಬಕ್ಕೇ ಒತ್ತುತ್ತದೆ. ಹೊರಗಡೆ ಇದ್ದರೆ ಮೇಕೆಯ ಭಾರವನ್ನೆಲ್ಲ ಆ ದಾರದಂಥ ತಂತಿಯೇ ಹೊರಬೇಕು. ಕೇಳಿದ ಮೇಲೆ ಇಷ್ಟೇನಾ ಅನ್ನಿಸುವ ವಿಷಯ. ಆದರೆ ಪರಮೇಶ್ ಜೀವಮಾನವಿಡೀ ಕಟ್ಟಿದ್ದು ತೋಟಕ್ಕೆ. ತೋಟದ ಬೇಲಿಗೆ ದನ ಹೊರಗಿನಿಂದ ಒರಗುತ್ತದೆ, ಮೆಶ್ ಹೊರಗಿರಬೇಕು. ಅವನ ಕೈ ಅಭ್ಯಾಸದಂತೆ ಹೊರಗೇ ಕಟ್ಟಿತ್ತು. ನೋಡುತ್ತ ನಿಂತಿದ್ದ ಲಕ್ಷ್ಮಿದೇವಮ್ಮನಾಗಲಿ ಗುಂಡಯ್ಯನಾಗಲಿ ಊರಾಗಲಿ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಅವರೆಲ್ಲ ನೋಡಿದ್ದೂ ತೋಟದ ಬೇಲಿಯನ್ನೇ.

ಫೋನು ಹೋಯಿತು, ಪರಮೇಶ್ ಬಂದ, ಸಿಗಬೇಕಾದ್ದು ಸಿಕ್ಕಿತು. ಅವನು ಕೇಳಿಸಿಕೊಂಡು ತಪ್ಪಾಯ್ತು ಕಣಕ್ಕ ಎಂದ, ಬಿಚ್ಚಿ ಒಳಗೆ ಕಟ್ಟಿಕೊಡುತ್ತೇನೆ, ಕೂಲಿ ಬೇಡ ಎಂದ. ಮೂರು ಕಡೆ ಕಟ್ಟಿದ. ನಾಲ್ಕನೆಯ ಕಡೆಗೆ ಬಂದಾಗ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟ.

"ಈ ಕಡೆ ಮೆಶ್ ಒಳೀಕೆ ತಂದ್ರೆ ಕಂಬ ಆ ಕಡೀಕೆ ಓಯ್ತವೆ ಕಣಕ್ಕ," ಎಂದ. "ಆಮೇಲೆ ಬದು ನಂದು ಅಂತಾರೆ ಬಸವರಾಜಣ್ಣ. ನೀನು ಊಂ ಅಂದ್ರೆ ಕಟ್ತೀನಿ."

ಲಕ್ಷ್ಮಿದೇವಮ್ಮ ಊಂ ಅನ್ನಲಿಲ್ಲ. ಮಾವನ ಬೆನ್ನು ಬಾಗಿದ್ದು ಆ ಕಲ್ಲು ಹೊತ್ತು. ಬೇಸಿಗೆಯಲ್ಲಿ ಮೇಕೆ ಉಳಿಯುವುದು ಆ ಹುಲ್ಲಿನಿಂದ. ಒಂದು ಅಂಗುಲವನ್ನೂ ಬಿಡುವುದಿಲ್ಲ, ಆ ಕಡೆ ಹಾಗೇ ಇರಲಿ, ತಂತಿ ಜಾಸ್ತಿ ಸುತ್ತು ಎಂದಳು. ಧನುಶ್ರೀ ಸರ್ವೆಯವರಿಂದ ಅಳತೆ ಮಾಡಿಸೋಣ ಎಂದಳು. ಅರ್ಜಿ ಕೊಟ್ಟರು. ಅಳತೆಯವರು ಬರುವಾಗ ಬರುತ್ತಾರೆ, ಮೇಕೆಗೆ ಮಾತ್ರ ದಿನಾ ಹಸಿವಾಗುತ್ತದೆ. ಅತ್ತ ದರಿ, ಇತ್ತ ಪುಲಿ. ಮೆಶ್ ಹೊರಗಿದ್ದರೆ ಮೇಕೆ ಹೋಗುತ್ತವೆ, ಒಳಗೆ ತಂದರೆ ಬದು ಹೋಗುತ್ತದೆ. ಯಾವ ಪುಣ್ಯಾತ್ಮ ಮಾಡಿದ ಪದ್ಧತಿಯೋ ಇದು, ಮೇಕೆ ಸಾಕುವವರು ಬೇಲಿ ಹಾಕಿಯಾರು ಎಂಬ ಯೋಚನೆಯೇ ಇಲ್ಲದವನು ಮಾಡಿದ್ದು ಎಂದು ಅವಳು ಹಳ್ಳ ಕೇಳುವಂತೆ ಬೈದಳು. ಮಾತು ಸರಿಯಾಗಿಯೇ ಇತ್ತು.

ಆ ಒಂದು ಕಡೆಯನ್ನು ಅವಳು ಒಂದೂವರೆ ತಿಂಗಳು ಕಾದಳು. ಬೆಳಿಗ್ಗೆ ಕಿತ್ತ ತಂತಿಯನ್ನು ಮಧ್ಯಾಹ್ನ ಸುತ್ತುವುದು, ಸಂಜೆ ಅದು ಮತ್ತೆ ಕೀಳುವುದು. ಉಬ್ಬಿದ ಜಾಗಕ್ಕೆಲ್ಲ ಜಾಲಿಮುಳ್ಳು ತುರುಕಿದಳು. ಗುಂಡಯ್ಯ ಒಂದು ಸಲ, ಹೋಗಲಿ ಬಿಡು, ಮೆಶ್ ಒಳಗೆ ತರೋಣ ಎಂದ. ಮೂವತ್ತು ವರ್ಷದಲ್ಲಿ ಅವನು ಹೂಂ ಬಿಟ್ಟು ಬೇರೆ ಮಾತಾಡಿದ್ದು ಅಪರೂಪ, ಅದಕ್ಕಾದರೂ ಕೇಳಬೇಕಿತ್ತು. ಕೇಳಲಿಲ್ಲ. ನಿಮ್ಮಪ್ಪ ಹೊತ್ತ ಕಲ್ಲು ನಿಮಗೆ ಬೇಡದಿದ್ದರೆ ನನಗೆ ಬೇಕು ಎಂದಳು. ಅವನು ಎದ್ದು ಹೋದ.

ಆಶ್ವೀಜದಲ್ಲಿ ಒಂದು ಬೆಳಿಗ್ಗೆ ಚುಕ್ಕಿ ಹೊರಗೆ ಹೋಯಿತು. ಚುಕ್ಕಿ ಅಂದರೆ ಹಣೆಯ ಮೇಲೆ ಬಿಳಿ ಮಚ್ಚೆಯ ಹೆಣ್ಣು ಮೇಕೆ, ಹೊಟ್ಟೆಯಲ್ಲಿ ಮರಿಯಿತ್ತು, ಈಯಲು ಹೆಚ್ಚು ದಿನ ಇರಲಿಲ್ಲ. ಆ ಹೊಟ್ಟೆ ಹೊತ್ತುಕೊಂಡೇ ಮೆಶ್‌ನ ಕೆಳಗೆ ನುಸುಳಿ, ಬದು ಹತ್ತಿ ಇಳಿದು, ಬಸವರಾಜುವಿನ ಹೊಲಕ್ಕೆ ಹೋಗಿತ್ತು. ಅಲ್ಲಿ ಹಸುಗಳ ಮೇವಿಗೆ ಹಾಕಿದ್ದ ಜೋಳ ಕೊಯ್ದಿದ್ದರು, ಬುಡದ ಕೂಳೆ ಚಿಗುರಿತ್ತು. ಕೂಳೆ ಜೋಳದ ಎಳೆ ಚಿಗುರು ಮೇಕೆಗೆ ವಿಷ, ಗೊತ್ತಿಲ್ಲದವರಿಲ್ಲ. ಅವಳು ಓಡಿಹೋಗುವ ಹೊತ್ತಿಗೆ ಅದು ನೆಲಕ್ಕೆ ಬಿದ್ದು ಕಾಲು ಬಡಿಯುತ್ತಿತ್ತು, ಬಾಯಲ್ಲಿ ನೊರೆ. ದುದ್ದದಿಂದ ಡಾಕ್ಟರು ಬೈಕಿನಲ್ಲಿ ಹೊರಟಿದ್ದರು. ಅವರು ಮುಟ್ಟುವ ಮೊದಲೇ ಎಲ್ಲ ಮುಗಿಯಿತು. ಹೊಟ್ಟೆಯಲ್ಲಿ ಮರಿ ಇನ್ನೂ ಒಂದು ಸಲ ಒದೆಯಿತು ಎಂದು ಅವಳು ಹೇಳುತ್ತಾಳೆ. ಅವಳ ಕೈ ಅಲ್ಲೇ ಇತ್ತು.

ಬಸವರಾಜು ಅಲ್ಲಿ ನಿಂತಿದ್ದ. ಹೆಂಡತಿ ಗಂಗಾಂಬಿಕೆಯೂ ಬಂದಿದ್ದಳು, ಹಸುಗಳಿಗೆ ಮೇವು ತರಲು ಬಂದ ಆಳುಗಳೂ ಇದ್ದರು.

"ನನ್ನ ಜೋಳ ಮೇಯ್ದದ್ದಕ್ಕೆ ನಾನೇನೂ ಕೇಳಕ್ಕಿಲ್ಲ ಬುಡಮ್ಮಿ," ಎಂದ ಅವನು.

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಇಷ್ಟು ವರ್ಷ ತಡೆದುಕೊಂಡಿರಲಿಲ್ಲವೇ? ಅವನು ಕ್ಷಮಿಸಿದ. ಅವಳ ಮೇಕೆ ಸತ್ತು ಬಿದ್ದಿದೆ, ಆ ಮನುಷ್ಯ ದೊಡ್ಡವನಾಗಿ ಕ್ಷಮಿಸುತ್ತಿದ್ದಾನೆ. ಅವಳೂ ಗುಂಡಯ್ಯನೂ ಚುಕ್ಕಿಯನ್ನು ಗೋಣಿತಾಟಿನಲ್ಲಿ ಹೊತ್ತು ತಂದು ತಮ್ಮ ಹೊಲದಲ್ಲಿ ಗುಂಡಿ ತೋಡಿ ಹೂತರು. ಮಣ್ಣೆಳೆಯುವಾಗ ಅವಳು ಅತ್ತಳು. ಅಳುತ್ತಲೇ ಬೈದಳು, ಪರಮೇಶನನ್ನಲ್ಲ, ಬಸವರಾಜುವನ್ನಲ್ಲ, ತನ್ನನ್ನು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂದು ಅವಳ ಅತ್ತೆ ಹೇಳುತ್ತಿದ್ದಳಂತೆ.

ಆ ಮಧ್ಯಾಹ್ನವೇ ಅವಳು ಇಕ್ಕಳ ತೆಗೆದುಕೊಂಡು ನಾಲ್ಕನೆಯ ಕಡೆಯ ತಂತಿಗಳನ್ನೆಲ್ಲ ಕತ್ತರಿಸಿದಳು. ಗುಂಡಯ್ಯ ಕೇಳದೆಯೇ ಬಂದು ಮೆಶ್‌ನ ಇನ್ನೊಂದು ತುದಿ ಹಿಡಿದ. ಕಂಬದಿಂದ ಕಂಬಕ್ಕೆ ಬಿಚ್ಚಿ, ಸುರುಳಿ ಸುತ್ತಿ, ಒಳಗೆ ತಂದು, ಕಾಲು ಕೊಟ್ಟು ಎಳೆದು ಬಿಗಿದರು. ಅಂಗೈ ಹರಿದು ರಕ್ತ ಬಂತು. ಸಂಜೆಗೆ ಹೋತ ಬಂದು ಎಂದಿನಂತೆ ಕೊಂಬು ತಿಕ್ಕಿತು. ಮೆಶ್ ಕಂಬಕ್ಕೆ ಒತ್ತಿ ನಿಂತಿತು. ಆಮೇಲೆ ಒಂದು ಮೇಕೆಯೂ ಆ ಬೇಲಿ ದಾಟಿಲ್ಲ.

ಸುದ್ದಿ ಹೋಗಲು ಎಷ್ಟು ಹೊತ್ತು? ಮಾರನೆಯ ದಿನ ಬಸವರಾಜು ಊರಿನ ಇಬ್ಬರು ಹಿರಿಯರನ್ನು ಕರೆದುಕೊಂಡು ಬದುವಿನ ಹತ್ತಿರ ಬಂದ. ಗಂಗಾಂಬಿಕೆ ಹಿಂದೆ ನಿಂತಿದ್ದಳು. ಜಗಳವಿಲ್ಲ, ಗಲಾಟೆಯಿಲ್ಲ. ಕಂಬ ನಮ್ಮ ಕಡೆಗೆ ಬಂದವಲ್ಲ, ಅವರೇ ಕೈಯಾರೆ ತಂದಿದ್ದಾರೆ, ನ್ಯಾಯ ತಾನಾಗಿಯೇ ಇತ್ಯರ್ಥ ಆಯ್ತು ಎಂದು ನಗುತ್ತ ತೋರಿಸಿದ. ನಮ್ಮ ಮಾವ ಕಲ್ಲು ಹೊತ್ತು ಹಾಕಿದ ಬದು ಎಂದಳು ಲಕ್ಷ್ಮಿದೇವಮ್ಮ. ಕಲ್ಲು ಹೊತ್ತದ್ದಕ್ಕೆ ಸಾಕ್ಷಿ ಯಾರು ಎಂದ ಅವನು. ಮೇಕೆಗೋಸ್ಕರ ಕಟ್ಟಿದ್ದು, ಬದು ಬಿಟ್ಟುಕೊಡಲಿಕ್ಕಲ್ಲ ಎಂದಳು. ಹಿರಿಯರು ತಲೆ ಕೆರೆದುಕೊಂಡರು. ಕಂಬ ಆ ಕಡೆ ಆದ ಮೇಲೆ ಏನು ಮಾಡಕ್ಕಾಯ್ತದೆ, ಹಿಂದಿನಿಂದ ಬಂದದ್ದು ಎಂದರು. ಹಿಂದಿನಿಂದ ಬಂದದ್ದು ಬಹಳ ಇದೆ, ನಿಮ್ಮ ಮನೆಯ ಹಿತ್ತಲ ಬಾಗಿಲಲ್ಲಿ ನನಗೆ ತೆಂಗಿನ ಚಿಪ್ಪಿನಲ್ಲಿ ಕಾಫಿ ಕೊಡುತ್ತಿದ್ದದ್ದೂ ಹಿಂದಿನಿಂದ ಬಂದದ್ದೇ, ಅದನ್ನು ಬಿಡಲಿಲ್ಲವೇ ಎಂದು ಕೇಳಿದಳು. ಹಿರಿಯರು ಲುಂಗಿ ಕೊಡವಿಕೊಂಡು ಹೋದರು, ಬಸವರಾಜು ಹೋಗುವಾಗ ಒಂದು ಕಂಬವನ್ನು ಅಂಗೈಯಿಂದ ತಟ್ಟಿ ಹೋದ.

ದೀಪಾವಳಿ ಕಳೆಯಿತು. ಬದುವಿನ ಹುಲ್ಲು ಮೊಣಕಾಲು ಮೀರಿ ಬೆಳೆದು ಕೊಯ್ಲಿಗೆ ಬಂತು. ಬದು ಯಾರದೋ ಹುಲ್ಲು ಅವರದ್ದು. ಹುಲ್ಲು ಯಾರು ಕೊಯ್ದರೋ ಬದು ಅವರದ್ದೆಂದು ಊರು ಒಪ್ಪಿಕೊಳ್ಳುವುದೂ ಅಷ್ಟೇ ಖಂಡಿತ. ಬಸವರಾಜು ಹುಲ್ಲು ಕೊಯ್ಯಲು ಆಳುಗಳಿಗೆ ಹೇಳಿದ. ಆಳುಗಳಲ್ಲಿ ಹೆಚ್ಚಿನವರು ಲಕ್ಷ್ಮಿದೇವಮ್ಮನ ಕೇರಿಯವರು. ಒಬ್ಬಳಿಗೆ ಸೊಂಟ ಹಿಡಿದುಕೊಂಡಿತ್ತು, ಇನ್ನೊಬ್ಬಳಿಗೆ ನೆಂಟರು ಬಂದಿದ್ದರು, ಉಳಿದವರಿಗೆ ಲಕ್ಷ್ಮಿದೇವಮ್ಮನ ಬಾಯಿಯ ಭಯವೇ ಸಾಕಾಗಿತ್ತು. ಕೊನೆಗೆ ಅವನು ಹೆಂಡತಿಯನ್ನೇ ಕಳಿಸಿದ.

ಲಕ್ಷ್ಮಿದೇವಮ್ಮ ಅದೇ ಬೆಳಿಗ್ಗೆ ಕುಡುಗೋಲು ಹಿಡಿದು ರಸ್ತೆಯ ಕಡೆಯಿಂದ ಬಳಸಿ ಬದುವಿಗೆ ಬಂದಳು. ಬದುವಿನ ಆ ತುದಿಯಲ್ಲಿ ಗಂಗಾಂಬಿಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತು ಕೊಯ್ಯುತ್ತಿದ್ದಳು. ಲಕ್ಷ್ಮಿದೇವಮ್ಮನ ತಲೆಗೆ ರಕ್ತ ಏರಿತು. ಈ ತುದಿಯಲ್ಲಿ ಕೂತು ಕೊಯ್ಯತೊಡಗಿದಳು. ಕುಡುಗೋಲು ಅವಳ ಕೈಯಲ್ಲಿ ಬೈಗುಳದ ವೇಗದಲ್ಲಿ ಓಡಿತು. ಬೇಲಿಯೊಳಗಿಂದ ಮೇಕೆಗಳು ಸಾಲಾಗಿ ನಿಂತು ಹುಲ್ಲನ್ನು ನೋಡುತ್ತಿದ್ದವು. ಇಬ್ಬರೂ ತಲೆ ಎತ್ತಲಿಲ್ಲ. ಬಿಸಿಲು ಏರಿತು. ಬದುವಿನ ಮಧ್ಯದಲ್ಲಿ ಒಂದು ಮಾರು ಹುಲ್ಲು ಉಳಿದು, ಅರ್ಧ ಮಾರು ಉಳಿದು, ಕೊನೆಗೆ ಇಬ್ಬರ ಕೈಯೂ ಒಂದೇ ಬುಡಕ್ಕೆ ಬಂದವು. ಇಬ್ಬರ ಕುಡುಗೋಲೂ ನಿಂತವು.

"ನಾನು ಮದುವೆಯಾಗಿ ಬಂದ ವರ್ಷ," ಎಂದಳು ಗಂಗಾಂಬಿಕೆ, ಹುಲ್ಲನ್ನು ನೋಡುತ್ತ, "ನಿಮ್ಮ ಮಾವ ಈ ಕಲ್ಲು ಹೊರೋದ ನೋಡಿದೀನಿ ಲಕ್ಷ್ಮಿ. ಹೆಗಲ ಮೇಲೆ ಗೋಣಿತಾಟು ಹಾಕ್ಕೊಂಡು ಹೊರೋರು."

ಲಕ್ಷ್ಮಿದೇವಮ್ಮನಿಗೆ ಬಂದದ್ದು ಸಮಾಧಾನವಲ್ಲ, ಅದುವರೆಗೂ ಬಂದಿರದಷ್ಟು ಸಿಟ್ಟು.

"ನೋಡಿದ್ದೋರು ಅವತ್ತು ಯಾಕೆ ಏಳ್ಲಿಲ್ಲ ಅಮ್ಮಾವ್ರೆ? ಸಾಕ್ಷಿ ಯಾರು ಅಂತ ಕೇಳ್ದಾಗ ನೀವೂ ಅಲ್ಲೇ ನಿಂತಿದ್ರಿ."

"ನನ್ನ ಯಾರು ಕೇಳಿದ್ರು?"

"ಈಗ ನಾನು ಕೇಳ್ತಾ ಇವ್ನಿ. ಈ ಬದು ಯಾರ್ದು?"

ಗಂಗಾಂಬಿಕೆ ತೋಟದ ಕಡೆ ನೋಡಿದಳು. ಪಂಪ್‌ಸೆಟ್ ಮನೆಯ ಕಡೆಯಿಂದ ಬಸವರಾಜು ಬದುವಿನ ಕಡೆಗೇ ಬರುತ್ತಿದ್ದ. ಅವಳು ಕುಡುಗೋಲು ಕೆಳಗಿಟ್ಟು, ಆ ತುದಿಯಿಂದ ತಾನು ಕೊಯ್ದು ಹಾಕುತ್ತ ಬಂದ ಹುಲ್ಲನ್ನೆಲ್ಲ ತಬ್ಬಿ ತಬ್ಬಿ ತಂದು ಲಕ್ಷ್ಮಿದೇವಮ್ಮನ ಹುಲ್ಲಿನ ಮೇಲೆ ಹಾಕಿದಳು. ಲಕ್ಷ್ಮಿದೇವಮ್ಮ ಹಗ್ಗ ಬಿಗಿದಳು. ಹೊರೆ ಒಬ್ಬರಿಂದ ಎತ್ತಲಾಗುವಂಥದ್ದಲ್ಲ. ಎಷ್ಟೋ ವರ್ಷ ಬಸವರಾಜುವಿನ ಮನೆಯ ಹೊಲದಲ್ಲಿ ಕೂಲಿ ಮಾಡಿದಾಗ ಹೊರೆಯನ್ನು ಏರಿಯ ಮೇಲಿಟ್ಟು, ಕೆಳಗೆ ಕೂತು, ತಲೆ ಕೊಟ್ಟು, ಅವಳೊಬ್ಬಳೇ ಏದುಸಿರು ಬಿಟ್ಟುಕೊಂಡು ಏಳುತ್ತಿದ್ದಳು. ಆ ಮನೆಯವರು ಯಾರೂ ಕೈ ಕೊಡುತ್ತಿರಲಿಲ್ಲ.

"ಎತ್ಕೊಡಿ," ಎಂದಳು.

ಗಂಗಾಂಬಿಕೆ ಬಗ್ಗಿ, ಹೊರೆಗೆ ಎರಡೂ ಕೈ ಹಾಕಿ, ಮಂಡಿ ಕೊಟ್ಟು ಎತ್ತಿ ಅವಳ ತಲೆಯ ಮೇಲಿಟ್ಟಳು. ಸಿಂಬಿ ಜಾರಿತ್ತು, ಅದನ್ನೂ ಸರಿ ಮಾಡಿದಳು. ಅವಳ ಬೆರಳು ಲಕ್ಷ್ಮಿದೇವಮ್ಮನ ಕೂದಲಿಗೆ ತಾಗಿತು.

ಬಸವರಾಜು ಬದು ಹತ್ತಿ ದಾರಿಗೆ ಅಡ್ಡ ನಿಂತಿದ್ದ. ಹೊರೆ ಯಾರದ್ದು ಎಂದು ಕೇಳಲು ಬಾಯಿ ತೆರೆದ. ಲಕ್ಷ್ಮಿದೇವಮ್ಮ ನಿಲ್ಲಲಿಲ್ಲ, ಬದುವಿನ ಮೇಲೆ ಅವನ ಎದುರಿಗೇ ನಡೆದಳು.

"ಅವಳ ಹುಲ್ಲು ಅವಳು ಹೊತ್ಕೊಂಡು ಹೋಗ್ತಾ ಇದಾಳೆ," ಎಂದಳು ಹಿಂದಿನಿಂದ ಗಂಗಾಂಬಿಕೆ. "ದಾರಿ ಬಿಡಿ."